ಸೋಪುನೀರಿಗೆ ಬಿದ್ದ ಜೆಟ್ಟು

ಮನೆಯಿಂದ,
ಹನ್ನೊಂದನೇ ತಾರೀಕು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮೊಣಕೈ ಸುಟ್ಟುಕೊಂಡಿದ್ದೆಯಂತೆ, ವಾಸಿಯಾಯಿತಾ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯ ತಾನೇ? ನೀನು ಅಮ್ಮನಿಗೆ ಬರೆಯುವ ಕಾಗದಗಳನ್ನು ನಾನು ಮುಟ್ಟುವುದಿಲ್ಲ ಅಂತ ಅವಳು ತಿಳಿದಿದ್ದಾಳೆ. ಓದುತ್ತೇನೆ. ಒಂದೊಂದನ್ನೂ ಎರಡೆರಡು ಸಲ. ಎಂಟು ತಿಂಗಳಾದ ಮೇಲೆ ಅಪ್ಪನ ಅಕ್ಷರ ಕಂಡು ನಿನ್ನ ಎದೆ ಧಸಕ್ಕೆಂದಿರಬೇಕು. ಗಾಬರಿ ಬೀಳಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಏಣಿ ಹತ್ತುವಾಗ ನನ್ನ ಮಂಡಿ ಮಾತ್ರ ಕಟಕಟ ಅನ್ನುತ್ತದೆ. 'ಮಗಳನ್ನೇ ಕರೆಸಿ ಎಣ್ಣೆ ಬಿಡಿಸಿಕೊಳ್ಳಿ' ಅಂತ ನಿಮ್ಮಮ್ಮ ಗೇಲಿ ಮಾಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ಚಾಡಿ ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ವಾಸಿ. ನಿನ್ನ ಬೂದುಬಣ್ಣದ ಜೆಟ್ಟನ್ನು ಕೆಡಿಸಿದ್ದೇನೆ. ಕಪಾಟಿನಲ್ಲಿರುವ ಹನ್ನೊಂದು ಪುಟ್ಟ ವಿಮಾನಗಳಲ್ಲಿ ಬೇರೆ ಯಾವುದಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಹೋಗಿ ಹೋಗಿ ಅದೇ ಆಗಬೇಕಾ! ಹಡಗಿನ ಮೇಲೆ ಜಾಗ ಸಾಲದೆಂದು ರೆಕ್ಕೆ ಮೇಲಕ್ಕೆ ಮಡಚಿಕೊಂಡು ನಿಂತಿರುವುದು, ಇಳಿಯುವಾಗ ಹಗ್ಗಕ್ಕೆ ಸಿಕ್ಕಿಸಲು ಬಾಲದ ಕೆಳಗೆ ಕೊಕ್ಕೆ ಇರುವುದು, ನೀನು ತರಬೇತಿಯ ಮೊದಲ ಸಂಬಳದಲ್ಲಿ ತಂದದ್ದು. ಪೆಟ್ಟಿಗೆಯ ಜೊತೆ ಬಂದಿದ್ದ ತೆಳು ಸ್ಟಿಕ್ಕರುಗಳನ್ನು ನೀನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಎರಡು ದಿನ ಕೂತು ಅಂಟಿಸಿದ್ದೆ. 'ಬೊಂಬೆ ಆಡುವ ವಯಸ್ಸೇನೇ ನಿಂದು' ಅಂದಿದ್ದೆ ನಾನು. ನೀನು ತಲೆಯನ್ನೂ ಎತ್ತದೆ, 'ಬೊಂಬೆಯಲ್ಲಪ್ಪಾ, ಅಚ್ಚು ಹೊಯ್ದ ಲೋಹ, ತೂಕ ನೋಡು' ಅಂದಿದ್ದೆ.

ಆದದ್ದಿಷ್ಟು. ಮುಂದಿನ ತಿಂಗಳು ಹಡಗು ದಡ ಸೇರುತ್ತದೆ, ಇಪ್ಪತ್ತು ದಿನ ರಜೆ, ಆದರೆ ಅಪ್ಪನ ಗಂಟುಮುಖ ಹಾಗೇ ಇದ್ದರೆ ನಾನು ಗೆಳತಿಯ ಮನೆಯಲ್ಲೇ ಇರುತ್ತೇನೆ ಅಂತ ಅಮ್ಮನಿಗೆ ಬರೆದಿದ್ದೆಯಲ್ಲ, ಅದನ್ನು ಓದಿದೆ. ಮುಖ ಬದಲಾಯಿಸುವುದು ಹೇಗೆ ಅಂತ ಗೊತ್ತಾಗದೆ, ನಿನ್ನ ಕಪಾಟಾದರೂ ಫಳಫಳ ಅನ್ನಲಿ ಅಂತ ಹೊರಟೆ. ಹಳೇ ಬೋರ್ಡು ತೊಳೆದ ಹಾಗೆಯೇ ತೊಳೆದೆ: ಬಕೆಟ್ಟಿನಲ್ಲಿ ಬಿಸಿನೀರು, ಸೋಪು, ಅರ್ಧ ಗಂಟೆ ನೆನೆಹಾಕಿದ್ದು. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನು ನಾನು, ನನ್ನ ಎನಾಮೆಲ್ ಅಕ್ಷರ ಹತ್ತು ಮಳೆಗಾಲಕ್ಕೂ ಜಗ್ಗುವುದಿಲ್ಲ. ಎಲ್ಲ ಅಕ್ಷರವೂ ಹಾಗೇ ಅಂದುಕೊಂಡೆ. ಎತ್ತಿ ನೋಡಿದರೆ ವಿಮಾನ ಬೋಳು ಬೋಳು! ನಂಬರು, ಗುರುತು ಎಲ್ಲ ನೀರಿನ ಮೇಲೆ ತೇಲುತ್ತಿದ್ದವು. ತಲೆ ಮೇಲೆ ಕೈಹೊತ್ತು ಕೂತೆ. ಸದ್ಯ, ಮೊದಲನೆಯದಕ್ಕೇ ಗೊತ್ತಾಯಿತು, ಉಳಿದ ಹತ್ತಕ್ಕೆ ಕೈ ಹಚ್ಚಿರಲಿಲ್ಲ.

ನಮ್ಮ ಬೀದಿಯ ಕನ್ನಡಕದ ಅಂಗಡಿಯವನಿಗೂ ಇದೇ ಹುಚ್ಚಲ್ಲವಾ, ಅವನ ಹತ್ತಿರ ಓಡಿದೆ. ಅವನು ನನ್ನನ್ನು ನೋಡಿದ ನೋಟ, ಅಯ್ಯಯ್ಯೋ, ಕೊಲೆ ಮಾಡಿ ಬಂದವನನ್ನೂ ಯಾರೂ ಹಾಗೆ ನೋಡಲಿಕ್ಕಿಲ್ಲ. ಒಣ ಕುಂಚದಿಂದ ಧೂಳು ಹೊಡೆಯಬೇಕೇ ಹೊರತು ನೀರು ಸೋಕಿಸಬಾರದಂತೆ. ಪುಣ್ಯಕ್ಕೆ ಅವನ ಬಳಿಯೂ ಅದೇ ಜೆಟ್ಟಿತ್ತು. ಅದನ್ನು ಎದುರಿಗಿಟ್ಟುಕೊಂಡು, ಅವನ ಭೂತಗನ್ನಡಿ ಎರವಲು ಪಡೆದು, ಒಂದು ವಾರ ಅವನ ಅಂಗಡಿಯಲ್ಲೇ ಕೂತು ಒಂದೊಂದಾಗಿ ಬರೆದೆ. ಬಾಲದ ನಂಬರಿಗೆ ಮಾತ್ರ ಕೈ ತಡೆಯದೆ ನೆರಳು ಹಾಕಿಬಿಟ್ಟೆ. ಬೋರ್ಡಿನವನ ಚಟ, ಏನು ಮಾಡಲಿ? ಯುದ್ಧವಿಮಾನ ಈಗ ಸ್ವಲ್ಪ ಬಟ್ಟೆ ಅಂಗಡಿಯ ಹಾಗೆ ಕಾಣುತ್ತದೆ. ನಗು, ಪರವಾಗಿಲ್ಲ.

ಆ ಭೂತಗನ್ನಡಿಯ ಕೆಳಗೆ ಒಂದು ಸಂಗತಿ ಕಂಡಿತು. ಪೈಲಟ್ ಕೂರುವ ಜಾಗದ ಪಕ್ಕ ಒಂದು ಪುಟ್ಟ ಹೆಸರು, ಸರಿ. ಮುಂದಿನ ಚಕ್ರವನ್ನು ಮುಚ್ಚುವ ಬಾಗಿಲ ಮೇಲೆ ಇನ್ನೊಂದು, ಅದಕ್ಕಿಂತ ಪುಟ್ಟದು. ಯಾರದಯ್ಯಾ ಇದು ಅಂತ ಕೇಳಿದೆ. 'ಮೆಕ್ಯಾನಿಕ್ಕಿನದು. ವಿಮಾನ ಅವರದೇ ಸ್ವಾಮಿ, ಪೈಲಟ್ ಬರೀ ಎರವಲು ತಗೊಂಡು ಹೋಗಿ ವಾಪಸ್ ತರ್ತಾನೆ' ಅಂದ. ನಾನು ಕುಂಚ ಕೆಳಗಿಟ್ಟೆ. ನಾವೂ ಹಾಗೇ ಅಲ್ಲವಾ? ಬೋರ್ಡಿನ ತುಂಬ ಅಂಗಡಿಯವನ ಹೆಸರು, ಕೆಳಗೆ ಮೂಲೆಯಲ್ಲಿ ಬರೆದವನದು. ಆ ಮೂಲೆಗಾಗಿಯೇ ನಾನು ಇಷ್ಟು ವರ್ಷ ಏಣಿ ಹತ್ತಿದ್ದು. ಅಂಥವನು, ಹಡಗಿನ ವಿಮಾನಗಳ ರಿಪೇರಿ ಕೆಲಸಕ್ಕೆ ಹೊರಟ ನಿನಗೆ 'ನಟ್ಟು ಬೋಲ್ಟು ತಿರುಗಿಸೋಕೆ ಸಮುದ್ರಕ್ಕೇ ಹೋಗಬೇಕಾ' ಅಂದೆ. ನೀನು ಹೊರಟ ದಿನ ಬಸ್ ನಿಲ್ದಾಣಕ್ಕೂ ಬರದೆ ಯಾವುದೋ ಔಷಧಿ ಅಂಗಡಿ ಬೋರ್ಡಿಗೆ ಎರಡನೇ ಸಲ ಬಣ್ಣ ಬಳಿಯುತ್ತಾ ನಿಂತೆ. ತಪ್ಪಾಯಿತು ಮಗಳೇ. ಜಂಬದಲ್ಲಿ ಆಡಿದ ಮಾತು ಅದು, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ರಜೆಗೆ ಮನೆಗೆ ಬಾ. ನಿನ್ನ ಕೋಣೆಗೆ ಸುಣ್ಣ ಬಳಿದಿದ್ದೇನೆ, ಕಿಟಕಿಯ ಚಿಲಕ ಈಗ ಸರಿಯಾಗಿ ಕೂರುತ್ತದೆ. ಅಮ್ಮ ದಿನಾ ಕ್ಯಾಲೆಂಡರ್ ನೋಡುತ್ತಾಳೆ. ನಾನೂ ನೋಡುತ್ತೇನೆ.

ನಿನ್ನ ಜೊತೆ ಕೆಲಸ ಮಾಡುವ ಮಕ್ಕಳಿಗೆಲ್ಲ ನನ್ನ ನೆನಪು ತಿಳಿಸು. ನಿನ್ನ ಕೈಗೂ, ಆ ಕೈ ಮುಟ್ಟಿದ ವಿಮಾನಗಳಿಗೂ ಒಳ್ಳೆಯದಾಗಲಿ.

ಇತಿ ನಿನ್ನ
ಗಂಟುಮುಖದ ಅಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದಿದ್ದರೆ ಸಮಾಧಾನವಿಲ್ಲ. ಎಲ್ಲ ಗುರುತನ್ನೂ ಅವನ ಜೆಟ್ಟು ನೋಡಿ ಹಾಗೇ ಇಳಿಸಿದೆ, ಚಕ್ರದ ಬಾಗಿಲ ಮೇಲಿನ ಹೆಸರೊಂದನ್ನು ಬಿಟ್ಟು. ಅಲ್ಲಿ ನಿನ್ನ ಹೆಸರು ಬರೆದಿದ್ದೇನೆ, ಮೂರೇ ಕೂದಲಿನ ಕುಂಚದಲ್ಲಿ. ಇನ್ನು ಇದು ಸಂಗ್ರಹಕ್ಕೆ ಲಾಯಕ್ಕಲ್ಲ ಅಂತ ಕನ್ನಡಕದವನು ಲೊಚಗುಟ್ಟಿದ. ನಿನಗೂ ಹಾಗೆ ಅನ್ನಿಸಿದರೆ ಒಂದು ಹನಿ ಥಿನ್ನರ್ ಸಾಕು, ಹೋಗಿಬಿಡುತ್ತದೆ. ಆದರೆ ನಾನಂತೂ ಅಳಿಸುವವನಲ್ಲ. ನೀನೇ ಬಂದು ಅಳಿಸಬೇಕು.