ನಿಮ್ಮ ಮಡಕೆ ಒಡೆದೆ

ಅಪ್ಪನಿಗೆ,

ಒಡಿಶಾದ ನಿಮ್ಮ ಖೋಂಡ ಬುಡಕಟ್ಟಿನ ಮಡಕೆಯನ್ನು ಒಡೆದುಹಾಕಿದೆ. ಕ್ಷೇಮಸಮಾಚಾರಕ್ಕೆ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬೈಯುವುದಾದರೆ ಬೈಯಿರಿ, ಈ ಸಲ ನಾನೂ ಬೈಯುವವಳೇ.

ಆಸ್ಪತ್ರೆಯಿಂದ ಫೋನ್ ಬಂದ ದಿನ ಡಬ್ಲಿನ್ ಪಕ್ಕದ ಸ್ವೋರ್ಡ್ಸಿನ ಮನೆಯಿಂದ ಓಡಿಬಂದೆ. ಕೋವಿಡ್ ಎಂದು ಒಳಗೆ ಬಿಡಲಿಲ್ಲ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತಿದ್ದೆ, ಒಂದು ಗೋಡೆಯ ಆಚೆ ನೀವು... ಚಿತಾಗಾರಕ್ಕೂ ಹತ್ತೇ ಜನ, ಮುಚ್ಚಿದ ಪೆಟ್ಟಿಗೆ. ಅಲ್ಲಿ ಮಡಕೆ ಒಡೆಯಬಹುದೇ ಎಂದು ಕೇಳಿದೆ. ಒಳಗೆ ಆಗುವುದಿಲ್ಲ, ಮನೆಯ ಹಿತ್ತಲಲ್ಲಾದರೆ ಗ್ರ್ಯಾಂಡ್ ಎಂದ ಅಂತ್ಯಕ್ರಿಯೆ ನಡೆಸುವವನು. ಗ್ರ್ಯಾಂಡಂತೆ! ಅವನದೇನು ತಪ್ಪು, ‘ಸರಿ, ಆಗಲಿ’ ಅನ್ನುವುದಕ್ಕೆ ಇಲ್ಲಿ ಎಲ್ಲರದೂ ಅದೇ ಮಾತು.

ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮನೆಯಲ್ಲಿದ್ದ ಮಡಕೆ ಅದೊಂದೇ. ಅಮ್ಮ ಹೋದ ಮೇಲೆ ಮೂರು ತಿಂಗಳು ನನ್ನ ಜೊತೆ ಇರಲೆಂದು ಬಂದಿರಿ, ವಿಮಾನ ನಿಂತು ಇಲ್ಲೇ ಉಳಿದಿರಿ. ಬರುವಾಗ ಅಮ್ಮನ ಫೋಟೊ ಮರೆತಿರಿ, ಮಡಕೆಯನ್ನು ಮರೆಯಲಿಲ್ಲ. ಟವೆಲಿನಲ್ಲಿ ಸುತ್ತಿ ಡಬ್ಲಿನ್‌ವರೆಗೂ ತೊಡೆಯ ಮೇಲಿಟ್ಟುಕೊಂಡು ತಂದಿರಿ. ನನಗೆ ಹೇಗಾಗಿರಬೇಡ, ಹೇಳಿ?

ಮೈಸೂರಿನಿಂದ ತಮ್ಮ ರವಿ ವಿಡಿಯೊದಲ್ಲಿದ್ದ. ಮಡಕೆ ಕೊಡುವ ಬಗ್ಗೆ ಮ್ಯೂಸಿಯಂನವರ ಹತ್ತಿರ ಆಗಲೇ ಮಾತಾಡಿದ್ದನಂತೆ. “ಅದನ್ನ ಮುಟ್ಬೇಡ ಅಕ್ಕ. ಅದು ಅಪ್ಪನ ಜೀವಮಾನದ ದುಡಿಮೆ. ಬೇರೆ ಯಾವ್ದಾದ್ರೂ ಹೂವಿನ ಕುಂಡ ಒಡಿ ಬೇಕಾದ್ರೆ” ಅಂದ.

ಸಂಶೋಧನೆ ಮುಗಿಸಿ ಒಡಿಶಾದ ಗುಡ್ಡಗಳಿಂದ ಬಂದಾಗಲೆಲ್ಲ ಊಟಕ್ಕೆ ಕುಳಿತು ನೀವು ಅದೇ ಕಥೆ ಹೇಳುತ್ತಿದ್ದಿರಿ. ನೀವಿದ್ದ ಊರಿನ ಖೋಂಡರು ಊರಂಚಿನ ಕುಂಬಾರರ ಮನೆಗೆ ರಾಗಿ ಕೊಟ್ಟು ಮಡಕೆ ತರುತ್ತಾರೆ, ಅದರಲ್ಲೇ ಅಂಬಲಿ ಕಾಯಿಸುತ್ತಾರೆ, ಮನೆಯಲ್ಲಿ ಸಾವಾದರೆ ಅಡುಗೆಯ ಮಡಕೆಗಳನ್ನೆಲ್ಲ ಆಚೆಗೆ ಎಸೆದು ಹೊಸವನ್ನು ತರುತ್ತಾರೆ ಎಂದು. ಅಷ್ಟು ಚೆಂದದ ಮಡಕೆಗಳು ಹಾಳಾದವಲ್ಲ ಎಂದು ನೀವು ಮರುಗಿದಾಗ, ಒಡೆಯದಿದ್ದರೆ ನಾನೇನು ತಿನ್ನಲಿ ಎಂದು ಆ ಕುಂಬಾರಗಿತ್ತಿ ನಕ್ಕಳಂತೆ. ಎಷ್ಟು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದಿರಿ! ನಮ್ಮ ಮನೆಯಲ್ಲಿ ಮಾತ್ರ ಅವಳ ಮಡಕೆ ಗಾಜಿನ ಬೀರುವಿನಲ್ಲಿ, ಮುಟ್ಟಿದರೆ ಜೋಕೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ರವಿಯ ಮಾತು ಕೇಳಲಿಲ್ಲ. ಫೋನನ್ನು ಕಸದ ಬಿನ್ನಿಗೆ ಒರಗಿಸಿಟ್ಟು, ಮಡಕೆಗೆ ನೀರು ತುಂಬಿ ಹೆಗಲಿಗೇರಿಸಿ, ಹಿತ್ತಲಲ್ಲಿ ನಿಮ್ಮ ಕುರ್ಚಿಗೆ ಮೂರು ಸುತ್ತು ಬಂದು ಹಿಂದಕ್ಕೆ ಎಸೆದೆ. ಇಲ್ಲಿಯ ಹುಲ್ಲೋ, ಮಳೆ ಕುಡಿದು ಕುಡಿದು ಹಾಸಿಗೆಯಂತಾಗಿರುತ್ತದೆ. ದೊಪ್ಪನೆ ಬಿದ್ದು ಉರುಳಿತು, ಬಿರುಕೂ ಬಿಡಲಿಲ್ಲ. ಹಿಂತಿರುಗಿ ನೋಡಬಾರದು ಅನ್ನುತ್ತಾರೆ, ನಾನು ಹೋಗಿ ಎತ್ತಿಕೊಂಡೇ ಬಂದೆ. ಸತ್ತ ಮೇಲೂ ಇಷ್ಟು ಮೊಂಡೇ, ಅಪ್ಪ? ಶೆಡ್ಡಿನ ಮುಂದಿನ ಕಾಂಕ್ರೀಟಿಗೆ ಎತ್ತಿ ಅಪ್ಪಳಿಸಿದೆ. ರವಿ ಅತ್ತುಬಿಟ್ಟು ಫೋನಿಟ್ಟ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಒಂದು ಮಾತು ಹೇಳಿದ್ದರೆ ಅವನು ಸುಮ್ಮನಾಗುತ್ತಿದ್ದ. ಆದರೆ ಅಪ್ಪ ಇರುವವರೆಗೂ ಬಾಯಿ ಬಿಡಬೇಡ ಎಂದು ಅಮ್ಮ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಈಗ ನೀವಿಲ್ಲ. ರವಿಗಿಂತ ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹದಿನೈದು ದಿನ ಜ್ವರ ಬಂದಿತ್ತು. ನಿಮಗೆ ನೆನಪಿರಲಾರದು, ನೀವಿರಲಿಲ್ಲ. ಬಾಯಿಗೆ ಏನೂ ಸೇರುತ್ತಿರಲಿಲ್ಲ. ಮಡಕೆಯ ಅಂಬಲಿಯನ್ನು ನೀವು ಅಷ್ಟೊಂದು ಹೊಗಳುತ್ತಿದ್ದಿರಲ್ಲ, ಅದನ್ನಾದರೂ ಕುಡಿದಾಳು ಎಂದು ಅಮ್ಮ ಬೀರು ತೆರೆದು ಆ ಮಡಕೆಯಲ್ಲೇ ಕಾಯಿಸಿದಳು. ಕುಡಿದೆ, ಅಪ್ಪ. ಎರಡು ಲೋಟ ಕುಡಿದೆ. ತೊಳೆಯುವಾಗ ಅವಳ ಕೈಯಿಂದ ಜಾರಿ ಚೂರಾಯಿತು. ಅವಳು ನಡುಗಿದ್ದನ್ನು ಕಣ್ಣಾರೆ ಕಂಡವಳು ನಾನು. ಒಂದು ಮಡಕೆಗೆ ಕಟ್ಟಿಕೊಂಡ ಹೆಂಡತಿ ಹಾಗೆ ನಡುಗಬೇಕೇ? ಮರುದಿನವೇ ಮೈಸೂರಿನ ಕುಂಬಾರಗೇರಿಗೆ ಹೋಗಿ ಅದೇ ಗಾತ್ರದ್ದೊಂದನ್ನು ಹುಡುಕಿ ತಂದಳು. ಮಸಿ ಬಳಿದು, ಎಣ್ಣೆ ಒರೆಸಿ, ಬೀರುವಿನಲ್ಲಿಟ್ಟಳು.

ನೀವು ಬಂದಿರಿ. ಗೊತ್ತಾಗಲಿಲ್ಲ. ಆಮೇಲೆ ವರ್ಷಗಟ್ಟಲೆ ಮನೆಗೆ ಬಂದವರಿಗೆಲ್ಲ ಬೀರು ತೆರೆದು, ಈ ಕಂಠ ನೋಡಿ, ಈ ಕೈಚಳಕ ಗುಡ್ಡದ ಆ ಹೆಂಗಸಿಗಲ್ಲದೆ ಇನ್ಯಾರಿಗೆ ಬಂದೀತು ಎಂದು ವಿವರಿಸಿದಿರಿ. ಅಮ್ಮ ಕಾಫಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಂದೇ ಒಂದು ಸಲ ಮಡಕೆ ಬಿಟ್ಟು ಅವಳ ಮುಖ ನೋಡಿದ್ದರೆ ನಿಮಗೆ ಗೊತ್ತಾಗಿಬಿಡುತ್ತಿತ್ತು, ಅಪ್ಪ.