ನಾನು ಅಳಿಸಿದ ಪೆನ್ಸಿಲ್ ಗೆರೆಗಳು

ಮಂಗಳವಾರ, ಊಟದ ಬಿಡುವು

ನನ್ನ ಮಾತಿನಮಲ್ಲಿಗೆ ಅಮ್ಮನ ಮುದ್ದು,

ಚಿಕ್ಕಮ್ಮನ ಮನೆಯಲ್ಲಿ ಚೆನ್ನಾಗಿದ್ದೀಯಂತೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಂತೆ. ನೀನು ಫೋನಿಗೆ ಬರುವುದಿಲ್ಲವಲ್ಲ, ನನಗೆ ಸಿಗುವುದೆಲ್ಲ ಬರೀ ಅಂತೆಗಳೇ. ಭಾನುವಾರ ಬರುತ್ತೇನೆಂದು ಹೇಳಿ ಬರಲಾಗಲಿಲ್ಲ. ಲೈಬ್ರರಿಯಲ್ಲಿ ಪುಸ್ತಕಗಳ ಎಣಿಕೆ ನಡೆದಿತ್ತು, ರಜೆ ಸಿಗಲಿಲ್ಲ.

ಪರೀಕ್ಷೆಗೆ ಮುಂಚೆ ನೀನು ಕೊಟ್ಟಿದ್ದ ಆ ಕಾದಂಬರಿಯನ್ನು ಶುಕ್ರವಾರ ಓದಿ ಮುಗಿಸಿದೆ. ಕೊಟ್ಟು ಐದು ತಿಂಗಳಾದ ಮೇಲೆ! ಓದಮ್ಮಾ, ನಿನಗೋಸ್ಕರ ಅಲ್ಲಲ್ಲಿ ಗುರುತು ಹಾಕಿದ್ದೀನಿ ಅಂದಿದ್ದೆ. ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಹದಿನೆಂಟು ವರ್ಷದಿಂದ ಪುಸ್ತಕ ದುರಸ್ತಿಯ ಮೇಜಿನಲ್ಲಿ ಕೂತವಳು ನಾನು. ಹರಿದದ್ದಕ್ಕೆ ಅಂಟು, ಸಡಿಲವಾದದ್ದಕ್ಕೆ ದಾರ, ಗೀಚಿದ್ದಕ್ಕೆ ರಬ್ಬರು. ಅವತ್ತು ಲೈಬ್ರರಿ ಪುಸ್ತಕದ ತುಂಬ ಸ್ವಂತ ಮಗಳ ಪೆನ್ಸಿಲ್ ಗುರುತು ನೋಡಿ ಮೈ ಉರಿದುಹೋಯಿತು. ಒಂದಕ್ಷರ ಓದಲಿಲ್ಲ. ರೇಡಿಯೋ ಕೇಳುತ್ತಾ ಅರ್ಧ ಗಂಟೆ ಉಜ್ಜಿ, ರಬ್ಬರಿನ ಪುಡಿ ಕೊಡವಿ, ಕಪಾಟಿನಲ್ಲಿಟ್ಟು ಬಂದೆ. ಸಂಜೆ ನಿನಗೆ ಬುದ್ಧಿವಾದ ಬೇರೆ! ಓದಿದೆಯಾ ಅಂತ ನೀನು ಕೇಳಿದೆ. ಮಕ್ಕಳ ಕಥೆಯಲ್ಲಿ ಓದುವುದೇನಿದೆ ಅಂದುಬಿಟ್ಟೆ ನಾನು. ನೀನು ಮತ್ತೇನೂ ಕೇಳದೆ ಕೋಣೆಗೆ ಹೋದಾಗ, ಹುಡುಗಿಗೆ ಬುದ್ಧಿ ಬಂತು ಅಂದುಕೊಂಡೆ.

ಅದಾದ ವಾರಕ್ಕೆ ಪರೀಕ್ಷೆ. ಎದೆ ಬಿಗಿಯುತ್ತೆ, ಕೈ ಜೋಮು ಹಿಡಿಯುತ್ತೆ ಎಂದು ನೀನು ಅತ್ತರೆ, ನಾಟಕ ಸಾಕು ಎಂದು ಗದರಿ ಶಾಲೆಯ ಗೇಟಿನೊಳಗೆ ನೂಕಿ ಬಂದೆ. ನೀನು ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಾಗ ನಿನ್ನ ಗೆಳತಿ ಗುಬ್ಬಿ ತನ್ನ ಪರೀಕ್ಷೆಯನ್ನೂ ಬಿಟ್ಟು, ನೀನು ತೆಗೆಯುವವರೆಗೆ ಬಾಗಿಲ ಹೊರಗೆ ಕೂತಿದ್ದಳು. ಅಂಥವಳಿಗೆ, ನನ್ನ ಮಗಳ ತಲೆ ಕೆಡಿಸಿದವಳು ನೀನೇ ಎಂದು ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ಅದಾದ ಮೇಲೆಯೇ ಅಲ್ಲವೇ ನೀನು ಚಿಕ್ಕಮ್ಮನ ಮನೆ ಸೇರಿದ್ದು.

ಹೋದ ಗುರುವಾರ ಆ ಪುಸ್ತಕ ಬೆನ್ನು ಕಿತ್ತುಕೊಂಡು ಮತ್ತೆ ನನ್ನ ಮೇಜಿಗೆ ಬಂತು. ಅಂಟು ಹಚ್ಚುವಾಗ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದು, ಹಾಳೆಯ ಮೇಲೆ ನೀನು ಒತ್ತಿ ಬರೆದ ಅಕ್ಷರಗಳ ತಗ್ಗು ಕಂಡಿತು. ರಬ್ಬರಿಗೆ ಹೋಗುವುದು ಬಣ್ಣ ಮಾತ್ರ. ಕಥೆಯಲ್ಲಿ ಇಡೀ ತರಗತಿಯನ್ನು ನಗಿಸುವ ಹುಡುಗಿ ಯಾರಿಗೂ ಗೊತ್ತಾಗದ ಹಾಗೆ ಶೌಚಾಲಯದಲ್ಲಿ ನಿಂತು ಗೋಡೆಯ ಟೈಲ್ಸ್ ಎಣಿಸುತ್ತಾಳಲ್ಲ, ಆ ಪುಟದ ಪಕ್ಕದಲ್ಲಿ ಬರೆದಿದ್ದೆ: ಅಮ್ಮಾ, ಇದು ನಾನೇ. ಇನ್ನೊಂದು ಕಡೆ: ಹೇಳೋಕೆ ಬಾಯೇ ಬರಲ್ಲ, ಅದಕ್ಕೆ ಪುಸ್ತಕ ಕೊಡ್ತಿದೀನಿ.

ಪುಸ್ತಕ ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದು ಎಲ್ಲವನ್ನೂ ಓದಿದೆ. ನಾಚಿಕೆಯಿಂದ ಮೇಜಿನಿಂದ ತಲೆ ಎತ್ತಲಾಗಲಿಲ್ಲ. ಊರಿನವರ ಗೀಚನ್ನೆಲ್ಲ ಅಳಿಸಿ ಹೆಸರು ತಗೊಂಡವಳು, ನನ್ನ ಮಗು ನನಗೆ ಬರೆದದ್ದನ್ನೂ ಅಳಿಸಿ ಹಾಕಿದ್ದೆ.

ಶನಿವಾರ ಗುಬ್ಬಿಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳು ನೀರು ತಂದುಕೊಟ್ಟು, ನನಗಲ್ಲ ಆಂಟಿ, ಅವಳಿಗೆ ಹೇಳಿ ಅಂದಳು. ಎಷ್ಟು ಸರಿಯಾದ ಹುಡುಗಿ!

ತಪ್ಪು ನನ್ನದೇ ಕಂದಾ. ಚಿಕ್ಕಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆಂದು ಕೇಳಿ ಜನ ಏನಂದುಕೊಳ್ಳುತ್ತಾರೋ ಎಂದಿದ್ದೆನಲ್ಲ, ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಪ್ಪದೆ ಹೋಗು. ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬಾರದಿದ್ದರೂ ನಿನ್ನ ಮೇಲೆ ಕೋಪವಿಲ್ಲ.

ನಿನ್ನ,
ಅಮ್ಮ

ಮರೆಮಾಚಿದ್ದು: ಎಣಿಕೆ, ರಜೆ ಎಲ್ಲಾ ಸುಳ್ಳು. ಭಾನುವಾರ ಬಂದಿದ್ದೆ. ಚಿಕ್ಕಮ್ಮನ ಮನೆಯ ಮೆಟ್ಟಿಲು ಅರ್ಧ ಹತ್ತಿದ್ದೆ. ಮೇಲೆ ನೀನು ಗುಬ್ಬಿಗೆ ಏನೋ ಹೇಳುತ್ತಾ ಬಿದ್ದು ಬಿದ್ದು ನಗುತ್ತಿದ್ದೆ. ನಿನ್ನ ಆ ನಗು ಕೇಳಿ ಎರಡು ವರ್ಷವಾಗಿತ್ತು. ನನ್ನ ದನಿ ಕೇಳಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿ, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿದು ಬಂದೆ. ಬರುವ ಭಾನುವಾರ ಮತ್ತೆ ಬರಲೇ? ನಾನು ಒಳಗೆ ಬಂದರೂ ಆ ನಗು ನಿಲ್ಲುವುದಿಲ್ಲ ಎಂದು ನಿನಗೆ ಅನ್ನಿಸಿದರೆ ಮಾತ್ರ ಹೂಂ ಅನ್ನು.