ಸೋದರತ್ತೆ ಬಿಟ್ಟುಹೋದ ದುಡ್ಡು

ಹನ್ನೊಂದನೇ ತಾರೀಖು, ಮಂಗಳವಾರ.

ಸೋದರತ್ತೆ ನಮ್ಮಿಬ್ಬರಿಗೆ ಬಿಟ್ಟುಹೋದ ದುಡ್ಡಿನಲ್ಲಿ ಹೊಸ ಗರಗಸದ ಮಷಿನ್ ಕೊಳ್ಳೋಣವೆಂದು ಮೂರು ದಿನ ಅಣ್ಣನ ಜೊತೆ ಕಿತ್ತಾಡಿದ್ದೆ. ಬೆಳಿಗ್ಗೆ ನಾನೇ ಸೋತೆ. ಅಣ್ಣ ಹೇಳಿದಂತೆ ಅಂಗಡಿಯ ಸಾಲ ತೀರಿಸಿಬಿಡೋಣ ಎಂದು ಬ್ಯಾಂಕಿನಿಂದ ಅಷ್ಟೂ ತಂದೆ.

ನಮ್ಮ ಮರಗೆಲಸದ ಅಂಗಡಿಗೆ ಕಾಲಿಟ್ಟರೆ, ಸಾಲ ಕೊಟ್ಟವನು ಅಣ್ಣನ ಮುಖವನ್ನು ಹಲಗೆಗೆ ಒತ್ತಿ ಹಿಡಿದಿದ್ದ. ಅಣ್ಣನ ಮೂಗಿನ ರಕ್ತ ಮರದ ಹೊಟ್ಟಿಗೆ ಇಳಿಯುತ್ತಿತ್ತು. ಕೊಡತಿ ಎತ್ತಿದೆ, ಉಳಿಯ ತಲೆಗೆ ಹೊಡೆಯುವ ಹಾಗೆಯೇ ಅವನ ಮೊಣಕೈಗೆ ಹೊಡೆದೆ. ಒಣಗಿದ ಮರದ ರೀಪು ಮುರಿದಂಥ ಸದ್ದು ಬಂತು. ಬಿದ್ದವನಿಗೆ ಇನ್ನೊಂದು ಕೊಟ್ಟೆ. ಅದು ಬೇಕಿರಲಿಲ್ಲ.

"ದುಡ್ಡು ಜೇಬಲ್ಲೇ ಇತ್ತಲ್ಲೋ ಮುಂಡೇದೆ! ಅವನ ಮುಖಕ್ಕೆ ಎಸೆದಿದ್ರೆ ಮುಗಿದುಹೋಗ್ತಿತ್ತು!" ಎಂದ ಅಣ್ಣ, ಮೂಗು ಒತ್ತಿಕೊಂಡೇ.

ಇತ್ತು. ನೆನಪೇ ಆಗಲಿಲ್ಲ. ಆಗಿದ್ದರೂ...

ಸಂಜೆ ರಾಜಿಯಾಯಿತು. ಸಾಲ ಕೊಟ್ಟವನು ಪೊಲೀಸರ ಹತ್ತಿರ ಹೋಗುವುದಿಲ್ಲ, ಅವನ ಕೈ ಆಪರೇಷನ್ ಖರ್ಚು ನಮ್ಮದು. ಪೂರ್ತಿ ದುಡ್ಡು ಅದಕ್ಕೇ ಹೋಯಿತು. ಸಾಲ ಕೂತಲ್ಲೇ ಕೂತಿದೆ. "ನಿಂಗೆ ಕೈ ಮುಂದು, ಬುದ್ಧಿ ಹಿಂದು" ಎನ್ನುತ್ತಿದ್ದಳು ಅತ್ತೆ.

ನಾಚಿಕೆಯಾಗಬೇಕು ನನಗೆ. ಆದರೆ ಕಣ್ಣು ಮುಚ್ಚಿದರೆ ಆ ರೀಪು ಮುರಿದ ಸದ್ದೇ ಕೇಳುತ್ತದೆ, ಕೇಳಿದಾಗಲೆಲ್ಲ ಎದೆಗೆ ಹಾಯೆನಿಸುತ್ತದೆ. ಹೆದರಿಕೆಯಾಗುತ್ತಿರುವುದು ಅದಕ್ಕೇ. ನಾಳೆ ಅದೇ ಕೊಡತಿ ಹಿಡಿದು ಕೆಲಸಕ್ಕೆ ಕೂರಬೇಕು.